ಮಳೆಗಾಲವಿಲ್ಲದ ಕಡಲಿನ ಒಣಮೀನು

ದೋಣಿ ನಿಲ್ಲುವ ದಕ್ಕೆಯ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ನಮ್ಮ ಮನೆಯವರ ಬೆನ್ನೆಲುಬು ಮುರಿದ ವರ್ಷ, ನಮ್ಮ ಬ್ರಹ್ಮಾವರದ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ಹೊಸತು. ಅವರದ್ದು ಒಣಮೀನಿನ ವ್ಯಾಪಾರ. ಬೈಂದೂರಿನ ಕಡೆ ಸಮುದ್ರದ ಪಕ್ಕ ಮೀನು ಒಣಗಿಸುವ ಶೆಡ್ಡಿತ್ತು. ಅದನ್ನು ಬೇರೆಯವರಿಗೆ ವಹಿಸಿ ಅವರು ಮಂಚ ಹಿಡಿದರು. ದಿನಾ ಸ್ವಲ್ಪ ಹೊತ್ತಾದರೂ ಎದ್ದು ಕೂರಲೇಬೇಕು, ಇಲ್ಲದಿದ್ದರೆ ಮುಂದೆ ಕೂರಲಿಕ್ಕೇ ಆಗದು ಎಂದು ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದರು.

"ಹ್ವಾಯ್, ಒಂಚೂರ್ ಎದ್ದ್ ಕೂಕಣಿ," ಎಂದು ನಾನು ಗೋಗರೆಯುತ್ತಿದ್ದೆ.

"ಎದ್ದ್ ಎಂತ ಮಾಡುದ್?" ಎಂದು ಅವರು ಗೋಡೆಯ ಕಡೆ ತಿರುಗುತ್ತಿದ್ದರು. ಆ ಕಡೆಯ ಸುಣ್ಣ ಅವರ ಉಸಿರು ತಾಗಿ ತಾಗಿ ಒಂದು ಬಗೆ ಮಂಕಾಗಿತ್ತು.

ಅವರನ್ನು ಎಬ್ಬಿಸಿ ಕೂರಿಸಿದ್ದು ಕಾಲೇಜಿಗೆ ಹೋಗುತ್ತಿದ್ದ ಮಗಳು. ಅವಳ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ದೇಶ ದೇಶಗಳ ಜನ ಒಟ್ಟಿಗೇ ಆಡುವಂಥದ್ದು. ಕತ್ತಲು ಕಾಡು, ತೋಳಗಳು, ಬೆಟ್ಟದ ಕಣಿವೆಯಲ್ಲಿ ಬೆಂಕಿಯುಗುಳುವ ರೆಕ್ಕೆಯ ಮೃಗ. ದಾರಿಯಲ್ಲಿ ಸತ್ತರೆ ಪುನಃ ಪೇಟೆಯಲ್ಲಿ ಹುಟ್ಟಬಹುದು, ಆದರೆ ಹೊತ್ತ ಸಾಮಾನೆಲ್ಲ ಸತ್ತಲ್ಲೇ ಬೀಳುತ್ತದೆ, ಕಂಡವರು ಎತ್ತಿಕೊಳ್ಳಬಹುದು. ನಾನು ನೋಡಲಾರದೆ ಎರಡು ಹೆಜ್ಜೆ ಹಿಂದೆ ಸರಿದೆ. ಇವರು ಮಾತ್ರ ಮೊದಲು ಕೇಳಿದ್ದು, "ಅಲ್ಲ್ ಮೀನ್ ಸಿಕ್ಕತ್ತಾ?"

ಸಿಗುತ್ತಿತ್ತು. ಕಡಲ ಬದಿಯ ಪೇಟೆಯಲ್ಲಿ ಆಟಗಾರರು ಮೀನು ಹಿಡಿದು, ಒಣಗಿಸಿ ಅಗ್ಗಕ್ಕೆ ಮಾರುತ್ತಿದ್ದರು. ಗುಹೆಗಳಿಗೆ ಕಾದಾಡಲು ಹೋಗುವವರು ಗಾಯ ಮಾಯಲಿಕ್ಕೆ ಅದನ್ನೇ ತಿನ್ನಬೇಕು. ನಡುವೆ ಕಾಡಿದ್ದುದರಿಂದ ಗುಹೆಯ ಬಾಗಿಲಲ್ಲಿ ಅದಕ್ಕೆ ಮೂರು ಪಟ್ಟು ಬೆಲೆ. ಇಷ್ಟು ಅರ್ಥ ಮಾಡಿಕೊಳ್ಳಲು ಅವರಿಗೆ ಒಂದು ಮಧ್ಯಾಹ್ನ ಸಾಕಾಯಿತು. ಮಾರನೆಯ ದಿನ ಊಟವಾದ ಕೂಡಲೇ ತಾವಾಗಿಯೇ, "ಬೆನ್ನಿಗ್ ದಿಂಬ್ ಕೊಡ್," ಎಂದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಪೇಟೆಯಲ್ಲಿ ಕೊಂಡು ಗುಹೆಯ ಬಾಗಿಲಲ್ಲಿ ಮಾರುವ ವ್ಯಾಪಾರ ಶುರುವಾಯಿತು. ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದು. ಕುಂದಾಪುರದ ಕಾನ್ವೆಂಟಿನಲ್ಲಿ ಕಲಿತದ್ದು ಅಷ್ಟು ವರ್ಷದ ಮೇಲೆ ಅಲ್ಲಿ ಬಳಕೆಗೆ ಬಂತು. ಯಾರೋ ಅರ್ಧ ಬೆಲೆಗೆ ಕೇಳಿದರೆ ಇವರು ಕೂತಲ್ಲೇ ಕೂಗುತ್ತಿದ್ದರು: "ಪುಕ್ಕಟೆ ಕೊಡುಕೆ ಇದೆಂತ ನಿನ್ ಅಜ್ಜನ್ ಮನ್ಯಾ ಅಂದ್ ಕೇಣ್ ಅವ್ನತ್ರ!"

ನಾನು, 'ಸಾರಿ ಸರ್, ಪ್ರೈಸ್ ಈಸ್ ಫಿಕ್ಸ್ಡ್' ಎಂದು ಕೀಲಿ ಒತ್ತುತ್ತಿದ್ದೆ.

"ನಾ ಅಷ್ಟುದ್ದ ಹೇಳಿರೆ ನೀ ಬರ್ದದ್ ಇಷ್ಟೇಯಾ? ನಿಮ್ ಕಾನ್ವೆಂಟಿನ್ ಸಿಸ್ಟರ್‌ನವ್ರ್ ಬೈಯುಕೆ ಕಲ್ಸಲೇ ಇಲ್ಯಾ?"

"ಕಲ್ಸಲಿಲ್ಲ. ಅದನ್ ನಿಮ್ಮತ್ರವೇ ಕಲ್ತದ್," ಎಂದೆ. ಬಿದ್ದ ಮೇಲೆ ಅವರು ಮೊದಲ ಸಲ ನಕ್ಕದ್ದು ಆವತ್ತು. ನಕ್ಕಾಗ ಬೆನ್ನು ನೋಯುತ್ತಿತ್ತು, ಆದರೂ ನಕ್ಕರು.

ಬೇಸಿಗೆ ಬಂತು. ಅವರು ಮಾರುವುದನ್ನು ನಿಲ್ಲಿಸಿ ಬರೇ ಕೊಳ್ಳತೊಡಗಿದರು. ಆಟದ ಉಗ್ರಾಣದ ತುಂಬ ಒಣಮೀನು. ನಮ್ಮ ಕರಾವಳಿಯಲ್ಲಿ ಅದು ಸಹಜ. ಮಳೆ ಹಿಡಿಯುವ ಮೊದಲು ದೋಣಿಗಳೆಲ್ಲ ದಡದ ಮೇಲೆ ಬರುತ್ತವೆ, ಹಸಿ ಮೀನು ಸಿಗದೆ ಎಲ್ಲರೂ ಒಣಮೀನು ಹುಡುಕುತ್ತಾರೆ. ಅವರ ಅಪ್ಪನ ಕಾಲದಿಂದಲೂ ಆ ಮನೆ ನಡೆದದ್ದು ಮಳೆಗಾಲದ ಎರಡು ತಿಂಗಳ ಮಾರಾಟದಲ್ಲಿ.

ಮಗಳು ಒಂದು ದಿನ ಉಗ್ರಾಣ ನೋಡಿ ಬೆಚ್ಚಿದಳು. "ಅಪ್ಪಯ್ಯ, ಆಟ್ದಗೆ ಮಳಿಗಾಲವೇ ಇಲ್ಲ!"

"ಹೋಗೇ. ಕಡ್ಲ್ ಇದ್ದಲ್ ಮಳಿಗಾಲ ಇಲ್ದೆ ಇಪ್ಪುಕಾತ್ತಾ?"

ಅವಳು ನನ್ನ ಮುಖ ನೋಡಿದಳು. ಅವರು ಪರದೆಗೆ ಮುಖವಿಟ್ಟು, ಆ ಕಡಲಿನ ಅಂಚಿನಲ್ಲಿ ಮೋಡ ಹುಡುಕುತ್ತಿದ್ದರು.

ಬೆಲೆ ಏರಲಿಲ್ಲ, ಇಳಿಯಿತು. ಎಲ್ಲೆಲ್ಲಿಯ ಶಾಲೆಗಳಿಗೋ ರಜೆಯಂತೆ, ಮಕ್ಕಳೆಲ್ಲ ಆಟದಲ್ಲಿ ಕೂತು ಮೀನು ಹಿಡಿಯುತ್ತಿದ್ದವು. ನಮ್ಮಲ್ಲಿ ಜೂನ್ ಬಂದು ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕುವಾಗಲೂ ಅಲ್ಲಿ ಹಳದಿ ಬಿಸಿಲು. ಇವರ ಮಾತು ಕಮ್ಮಿಯಾಯಿತು. ಕೂರುವ ಹೊತ್ತೂ ಕಮ್ಮಿಯಾಯಿತು.

ಆಗ ಯಾರೋ ಹೇಳಿದರು, ಬೆಟ್ಟದ ಆಚೆ ಒಂದು ಗುಹೆಯಿದೆ, ಆ ಮೃಗಕ್ಕೆ ಹೆದರಿ ಅಲ್ಲಿಗೆ ಸರಕೇ ಹೋಗಿಲ್ಲ, ಕೇಳಿದಷ್ಟು ಕೊಡುತ್ತಾರೆ. ಇವರು ಇಡೀ ಉಗ್ರಾಣವನ್ನು ಹೇಸರಗತ್ತೆಗಳ ಮೇಲೆ ಹೇರಿದರು. "ಅರ್ಧ ಇಲ್ಲೇ ಇಡಿ," ಎಂದೆ. ಕೇಳಲಿಲ್ಲ.

ಮೃಗ ಮಲಗುವ ಹೊತ್ತು ನೋಡಿಯೇ ಹೊರಟಿದ್ದರು. ಕಾಡು ದಾಟಿತು. ಕಣಿವೆಯ ಅರ್ಧ ದಾಟಿತು. ಇವರು ದಿಂಬು ಬಿಟ್ಟು, ಯಾವ ಆಸರೆಯೂ ಇಲ್ಲದೆ ನೆಟ್ಟಗೆ ಕೂತಿದ್ದರು. ನಾನು ಪರದೆ ಬಿಟ್ಟು ಆ ಬೆನ್ನನ್ನೇ ನೋಡುತ್ತಿದ್ದೆ.

ಹೊರಗೆ ಒಂದು ಗಾಳಿ ಬೀಸಿತು. ತೆಂಗಿನ ಗರಿ ತಂತಿಯ ಮೇಲೆ ಬಿದ್ದಿರಬೇಕು, ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು.

ಅಲ್ಲಿ ಆಟದೊಳಗಿನ ಅವರ ಮನುಷ್ಯ ಕಣಿವೆಯ ನಡುವೆ ನಿಂತೇ ಇರುತ್ತಾನೆ, ಮೃಗ ಎದ್ದರೆ ಮುಗಿಯಿತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಮೆಸ್ಕಾಂಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಸುಮ್ಮನೆ ಹೋಗಿ ಮೈನ್ ಸ್ವಿಚ್ಚನ್ನು ತೆಗೆದು ಪುನಃ ಹಾಕಿದೆ. ಬಾಗಿಲಿಗೆ ಬಂದು ರಸ್ತೆ ನೋಡಿದೆ. ಒಂದು ಬಸ್ಸು ನೀರು ಹಾರಿಸುತ್ತ ಕುಂದಾಪುರದ ಕಡೆ ಹೋಯಿತು.

ಕರೆಂಟು ಬಂದಾಗ ಸಂಜೆಯಾಗಿತ್ತು. ಅವರ ಮನುಷ್ಯ ಬರಿಗೈಯಲ್ಲಿ ಪೇಟೆಯ ಬಾವಿಕಟ್ಟೆಯ ಹತ್ತಿರ ನಿಂತಿದ್ದ.

"ಬಂತ್ ಕಾಣ್ ಮಳಿಗಾಲ," ಎಂದು ಹೇಳಿ ಅವರು ಮಲಗಿದರು.

ಮರುದಿನ ದಿಂಬು ಹಿಡಿದು ಹೋದೆ. "ಕೂಕಂತಿಲ್ಲೆ," ಎಂದರು. ಅದರ ಮರುದಿನವೂ. ಮಗಳು ಹೊಸತಾಗಿ ಶುರುಮಾಡೋಣ, ಸ್ವಲ್ಪ ಸ್ವಲ್ಪ ಕೊಳ್ಳೋಣ ಎಂದು ಎಷ್ಟೋ ಹೇಳಿ, ಕೊನೆಗೆ ಕಾಲೇಜಿಗೆ ಹೋದಳು. ನಾನೇ ಕಂಪ್ಯೂಟರು ಹಾಕಿ, ಶಬ್ದ ಜೋರು ಮಾಡಿ, ಅವರ ಮನುಷ್ಯನನ್ನು ಕಲಿತಷ್ಟು ನಡೆಸಿ ಸಂತೆಯಲ್ಲಿ ನಿಲ್ಲಿಸಿದೆ. ಹಳೇ ಗಿರಾಕಿಯೊಬ್ಬ ಎದುರು ಬಂದು ನಿಂತ. ಮೀನು ಇಲ್ಲವಾ ಎಂದು ಬರೆದ.

"ಹ್ವಾಯ್, ಮೀನ್ ಕೇಂತಿದ್ದ. ಎಂತ ಬರೀಲಿ?"

ಅವರು ಗೋಡೆಯ ಕಡೆ ತಿರುಗಿದರು.

'ನೋ ಫಿಶ್ ಟುಡೇ ಸರ್,' ಎಂದು ಒತ್ತಿದೆ. ನಾಳೆ ಇರುತ್ತದಾ ಎಂದು ಅವನು ಕೇಳಿದ.

"ನಾಳಿಗೆ ಇತ್ತಾ ಅಂದ್ ಕೇಂತಿದ್ದ."

ಹೊದಿಕೆ ಸ್ವಲ್ಪ ಮೇಲೆ ಸರಿಯಿತು, ಅಷ್ಟೇ. ನಾನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೂತೆ. ಗಿರಾಕಿ ಕಾದ, ಪಾಪ, ಸುಮಾರು ಹೊತ್ತೇ ಕಾದ. ಆಮೇಲೆ ಪಕ್ಕದ ಅಂಗಡಿಗೆ ಹೋದ.