ಕೊನೆಯ ಹಾಳೆಯ ಹೆಬ್ಬೆರಳು

ಹಳೆಯ ಕೈಬರಹದ ಪುಸ್ತಕಗಳ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಕಾಪಾಡುವ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಬಿರುಗಾಳಿ ಅಂತಲೇ ಕರೆಯುತ್ತಿದ್ದರು. ಹಾಳೆ ತಿರುವಿ ಕ್ಯಾಮೆರಾದ ಕೆಳಗೆ ಹಿಡಿಯುವುದು, ಕಾಲಿನಿಂದ ಗುಂಡಿ ಒತ್ತುವುದು, ಇದೇ ಕೆಲಸ. ಬೇರೆಯವರು ಒಂದು ಪುಸ್ತಕ ಮುಗಿಸುವಷ್ಟರಲ್ಲಿ ಇವಳದು ಎರಡು ಮುಗಿದು ಚಹಾ ಕುಡಿದೂ ಆಗಿರುತ್ತಿತ್ತು. ದರ್ಜಿ ಗಂಡ ಮಾತ್ರ ಕಿಚಾಯಿಸುತ್ತಿದ್ದ: “ನನ್ನ ಅಂಗಡಿಗಂತೂ ನಿನ್ನನ್ನ ಸೇರಿಸಿಕೊಳ್ಳಲ್ಲ ಕಣೇ. ಸಂಜೆಯೊಳಗೆ ಅಂಗಿ ರೆಡಿ, ನಿಜ. ಆದರೆ ಮೂರು ತೋಳಿರುತ್ತೆ.”

ಹಾಳೆಯ ಅಂಚನ್ನು ತೆಳುವಾದ ಮರದ ಪಟ್ಟಿಯಿಂದಲೇ ಒತ್ತಿ ಹಿಡಿಯಬೇಕು ಅಂತ ನಿಯಮ. ಪಟ್ಟಿ ಎತ್ತು, ಇಡು, ಮತ್ತೆ ಎತ್ತು, ಯಾರಿಗೆ ಬೇಕು ಆ ರಗಳೆ? ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಉಗುರು ಸೀಳಿಹೋಗಿದ್ದ ಹೆಬ್ಬೆರಳಲ್ಲೇ ಅವಳು ಮುಗಿಸಿಬಿಡುತ್ತಿದ್ದಳು. ತಪಾಸಣೆಯವರೂ ಬಿರುಗಾಳಿಯ ಕೆಲಸ ಅಂದರೆ ಕಣ್ಣು ಮುಚ್ಚಿಕೊಂಡು ಸರಿ ಅನ್ನುತ್ತಿದ್ದರು. ಹೊಗಳಿಕೆ ತಲೆಗೇರಿದ ಮೇಲೆ ಕೈ ಯಾರ ಮಾತು ಕೇಳುತ್ತೆ?

ಗಡಿಯಾರ ರಿಪೇರಿಯ ಅಜ್ಜ ತಮ್ಮ ಮನೆಯ ಹಳೆ ಮದ್ದಿನ ಪುಸ್ತಕ ತಂದುಕೊಟ್ಟಿದ್ದು, ಫೋಟೊ ಆದ ಮೇಲೆ ಜೋಪಾನವಾಗಿ ಒಯ್ದಿದ್ದು, ಎಲ್ಲ ಹೋದ ವರ್ಷದ ಮಾತು. ಆಮೇಲೆ ಅವರ ಮನೆಯಲ್ಲಿ ನೀರಿನ ಪೈಪು ಒಡೆದು ಪುಸ್ತಕ ನೆನೆದು ಮುದ್ದೆಯಾಗಿಹೋಯಿತು. ಉಳಿದದ್ದು ಈ ಫೋಟೊಗಳಷ್ಟೇ.

ಇವತ್ತು ಅಜ್ಜ ಮತ್ತೆ ಬಂದಿದ್ದರು. ಮನೆಯಲ್ಲಿ ಮರಿಮಗಳು ಹುಟ್ಟಿದ್ದಾಳೆ. ಆ ಪುಸ್ತಕವನ್ನು ನಕಲು ಮಾಡಿದವಳು ಅವರ ಮನೆತನದ ಹಿರಿಯಳಂತೆ. ಅವಳ ಹೆಸರನ್ನೇ ಕೂಸಿಗೆ ಇಡಬೇಕು ಅಂತ ಆಸೆ, ಆದರೆ ಆ ಹಳೆ ಅಕ್ಷರ ಮನೆಯಲ್ಲಿ ಯಾರಿಗೂ ಓದೋಕೆ ಬರುತ್ತಿರಲಿಲ್ಲ.

ಹಳೆ ಲಿಪಿ ಓದಿ ಹೇಳಲೆಂದೇ ಕಚೇರಿಯಲ್ಲಿದ್ದ ಮೇಷ್ಟ್ರಿಗೆ ಬರುತ್ತಿತ್ತು. ಬಿರುಗಾಳಿ ಪರದೆಯ ಮೇಲೆ ಕೊನೆಯ ಹಾಳೆ ತೆರೆದಳು, ಮೇಷ್ಟ್ರು ಓದಿದರು: “ನನ್ನ ಮಕ್ಕಳಿಗೆ ಇರಲೆಂದು ಇದನ್ನು ಬರೆದವಳು...” ಅಲ್ಲಿಗೇ ನಿಂತುಬಿಟ್ಟರು. ಹೆಸರಿನ ಮೇಲೆ ಒಂದು ಹೆಬ್ಬೆರಳು ಕೂತಿತ್ತು, ಉಗುರು ನಡುವೆ ಸೀಳಿದ್ದು.

ಅವಳಿಗೆ ನೆನಪಾಯಿತು. ಅಂದು ಪರದೆಯ ಮೇಲೆ ಇದನ್ನು ನೋಡಿದ್ದಳು. ಕೊನೆಯ ಹಾಳೆ ತಾನೇ, ಯಾರು ನೋಡ್ತಾರೆ ಅಂದುಕೊಂಡು ಪುಸ್ತಕ ಮುಚ್ಚಿದ್ದಳು. ಈಗ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮೆಲ್ಲಗೆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಇಷ್ಟು ಹೇಡಿ ತಾನು ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಅಜ್ಜ ಪರದೆಯನ್ನು ತುಂಬಾ ಹೊತ್ತು ನೋಡಿದರು. “ಪಾಪ, ಹಾಳೆ ಹರಿಯದ ಹಾಗೆ ಹಿಡಿದುಕೊಂಡಿದ್ದಾರೆ ಯಾರೋ,” ಅಂದರು. “ಇದರದ್ದೇ ಒಂದು ಪ್ರತಿ ಕೊಡಮ್ಮ. ಉಳಿದ ಅಕ್ಷರವಾದರೂ ಮನೆಯಲ್ಲಿರಲಿ.”

ಆ ಒಳ್ಳೆ ಮಾತಿಗಿಂತ ಎರಡು ಏಟು ಬಿದ್ದಿದ್ದರೆ ವಾಸಿಯಿತ್ತು. ಅವಳು ಪ್ರಿಂಟ್ ತೆಗೆದು, ತಲೆ ಬಗ್ಗಿಸಿಕೊಂಡೇ ಚಾಚಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಬೆರಳು ಹೋಗಿ ಹೆಸರಿನ ಮೇಲಿನ ತನ್ನ ಹಳೆ ಜಾಗದಲ್ಲೇ ಕೂತಿತ್ತು.

ಜೀವನವೆಲ್ಲ ಸಣ್ಣ ಸಣ್ಣ ಹಲ್ಲಿನ ಚಕ್ರಗಳನ್ನು ನೋಡಿದ ಕಣ್ಣು ಅಜ್ಜನದು. ಸೀಳಿದ ಉಗುರನ್ನು ನೋಡಿದರು, ಅವಳ ಮುಖ ನೋಡಿದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

“ಸ್ವಲ್ಪ ಎತ್ತಮ್ಮ,” ಅಂದರು. “ಮಗುವಿನ ಹೆಸರು ನೋಡೋಣ.”

ಅವಳು ಬೆರಳು ಎತ್ತಿದಳು. ಕೆಳಗೂ ಅವಳ ಬೆರಳೇ ಇತ್ತು.