ಮೂವತ್ತೆಂಟು ದಿನ ಕೈ ಕಟ್ಟಿದವನು

ಗುದ್ದಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಮಾಂಸದಂಗಡಿಗಳ ಓಣಿ ಇಟ್ಟದ್ದು. ಮೊದಲು ಗುದ್ದು, ಆಮೇಲೆ ಮಾತು. ಅದು ಅವನ ಕ್ರಮ. ತೂಕದ ಮೇಲೆ ಜಗಳ ತೆಗೆದ ಗಿರಾಕಿಯ ದವಡೆ, ಅಡ್ಡ ಗಾಡಿ ನಿಲ್ಲಿಸಿದ ಡ್ರೈವರನ ಪಕ್ಕೆಲುಬು, ಒಮ್ಮೆ ತನ್ನದೇ ಯಜಮಾನನ ಮೂಗು. ಮೂಗು ಮುರಿಸಿಕೊಂಡ ಯಜಮಾನನೇ ಮರುವಾರ ಬಂದು ಅವನನ್ನು ವಾಪಸ್ ಕರೆದ. ಕರೆಯದೆ ಏನು ಮಾಡಿಯಾನು ಪಾಪ? ಎಲುಬಿನಿಂದ ಮಾಂಸ ಬಿಡಿಸುವುದರಲ್ಲಿ ಅಂಥ ಕೈ ಇಡೀ ಮಾರುಕಟ್ಟೆಯಲ್ಲಿ ಇನ್ನೊಂದಿರಲಿಲ್ಲ.

ಆ ಕೈ ನೋಡಿಯೇ ಪರದೇಶದ ಮಾಂಸದ ಕಾರ್ಖಾನೆಯೊಂದು ಅವನಿಗೆ ಕೆಲಸ ಕೊಟ್ಟಿತು. ಕಸುಬಿನ ಪರೀಕ್ಷೆ ಮುಗಿಯಿತು, ರಕ್ತ ಎಕ್ಸ್‌ರೇ ಎಲ್ಲ ಆಯಿತು. ಉಳಿದದ್ದು ಒಂದೇ. ಇವನ ಮೇಲೆ ಯಾವ ಕೇಸೂ ಇಲ್ಲ ಎಂದು ಪೊಲೀಸರು ಬರೆದುಕೊಡಬೇಕು, ಇಲ್ಲದಿದ್ದರೆ ವೀಸಾ ಇಲ್ಲ. ಇಷ್ಟು ಜನರನ್ನು ಹೊಡೆದವನ ಮೇಲೆ ಒಂದೂ ಕೇಸಿಲ್ಲ ಅಂದರೆ ನೀವು ನಂಬುವುದಿಲ್ಲ. ಆದರೆ ಇರಲಿಲ್ಲ. ಅವನ ಮೇಲೆ ದೂರು ಕೊಟ್ಟು ಮತ್ತೆ ಅದೇ ಓಣಿಯಲ್ಲಿ ಓಡಾಡುವ ಧೈರ್ಯ ಯಾರಪ್ಪನಿಗಿತ್ತು? ಠಾಣೆಯ ಹೆಡ್ ಕಾನ್‌ಸ್ಟೆಬಲ್ ಅರ್ಜಿ ತೆಗೆದುಕೊಂಡು, ವೀಸಾ ಕೈಗೆ ಬಂದು ವಿಮಾನ ಹತ್ತುವ ತನಕ ಒಂದೇ ಒಂದು ದೂರು ಬಂದರೂ ಎಲ್ಲ ಮುಗಿಯಿತು ಅಂದುಕೋ ಎಂದು ಎಚ್ಚರಿಸಿದ.

ಇಂಥ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು! ಮೂರನೆಯ ದಿನ ದವಡೆ ಮುರಿಸಿಕೊಂಡಿದ್ದ ಗಿರಾಕಿ ಅಂಗಡಿಯ ಮುಂದೆ ನಿಂತು ಅವನ ಕೆನ್ನೆಗೆ ಬಾರಿಸಿದ. ಗುದ್ದಣ್ಣ ಕತ್ತಿಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಬಿದ್ದವನಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗಾಯಿತು. ಪಕ್ಕೆಲುಬು ಮುರಿಸಿಕೊಂಡಿದ್ದ ಡ್ರೈವರ್ ಬಂದು ಹೊಟ್ಟೆಗೆ ಒದ್ದ. ಹಿಂದೆಂದೂ ಅವನಿಂದ ಪೆಟ್ಟು ತಿನ್ನದ ಪುಕ್ಕಲ ದರ್ಜಿ ಕೂಡ, ನನ್ನದೂ ಒಂದಿರಲಿ ಎಂಬಂತೆ, ಅವನ ನೆತ್ತಿಗೆ ಮೊಟಕಿ ಓಡಿದ. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿದರೂ ಅವನು ಮಾಂಸ ತೂಗುತ್ತಲೇ ಇದ್ದ. ಸಂಜೆ ಹಿಂದಿನ ಕೋಣೆಗೆ ಹೋಗಿ ಕೊಕ್ಕೆಗೆ ನೇತುಹಾಕಿದ ಕುರಿಗೆ ಕೈಗೆಣ್ಣು ಸುಲಿಯುವವರೆಗೆ ಗುದ್ದುತ್ತಿದ್ದ.

ಇಷ್ಟು ಸಹಿಸಿದ್ದು ಸಂಬಳದ ಆಸೆಗಲ್ಲ, ತಂಗಿಗಾಗಿ. ಅವಳ ಗಂಡ ವೆಲ್ಡರ್, ಎರಡು ಬೀದಿ ಆಚೆ ಮನೆ. ಮದುವೆಯಾದ ಹೊಸದರಲ್ಲಿ ಅವನು ಒಮ್ಮೆ ಅವಳನ್ನು ಹೊಡೆದಾಗ ಗುದ್ದಣ್ಣ ಹೋಗಿ ಎರಡು ಹಲ್ಲು ಉದುರಿಸಿ ಬಂದಿದ್ದ. ಅಲ್ಲಿಂದ ಮೂರು ವರ್ಷ ಅವಳ ಮೈಗೆ ಒಂದು ಪೆಟ್ಟು ಬಿದ್ದಿರಲಿಲ್ಲ. ಆದರೂ ಆ ಮನೆಯಲ್ಲಿ ಬದುಕುವುದು ಅವಳಿಗೆ ಸಾಕಾಗಿತ್ತು. ಅಣ್ಣ ಪರದೇಶಕ್ಕೆ ಹೋಗಿ ಮೊದಲ ಸಂಬಳ ಕಳಿಸಿದ ದಿನ ಬೇರೆ ಮನೆ ಹಿಡಿದು ಹೊರಡುತ್ತೇನೆ, ನನ್ನದೇ ಬಾಗಿಲು, ನನ್ನದೇ ಬೀಗ ಎಂದು ಅವಳೇ ಹೇಳಿದ್ದಳು. ಈಗೆಲ್ಲಿಗೆ ಬರುತ್ತಾಳೆ? ಅಣ್ಣ ಮಲಗುವುದೇ ಅಂಗಡಿಯ ಅಟ್ಟದ ಮೇಲೆ, ನಾಲ್ಕು ಗಂಡಸರ ನಡುವೆ.

ವೆಲ್ಡರನ ಕಿವಿಗೂ ಸುದ್ದಿ ಬಿತ್ತು. ಇಪ್ಪತ್ತನೆಯ ದಿನ ಪಕ್ಕದ ಮನೆಯ ಮುದುಕಿ ಅಂಗಡಿಗೆ ಓಡಿಬಂದು, ನಿನ್ನ ತಂಗಿಯನ್ನು ಕೊಲ್ಲುತ್ತಿದ್ದಾನೆ ಎಂದಳು. ಗುದ್ದಣ್ಣ ಹೋದಾಗ ಬಾಗಿಲು ಹಾರು ಹೊಡೆದಿತ್ತು. ವೆಲ್ಡರ್ ಅವಳ ಜುಟ್ಟು ಹಿಡಿದು ಗೋಡೆಗೆ ಒತ್ತಿದ್ದ. ಇವನನ್ನು ಕಂಡು ನಕ್ಕ.

“ಬಾ ಭಾವ, ಹೊಡಿ. ಠಾಣೆ ಎಷ್ಟು ದೂರ ಇದೆ ಅಂತ ಗೊತ್ತಲ್ಲ?” ಎಂದು ಹೇಳಿ ಇವನೆದುರೇ ಅವಳ ಬೆನ್ನಿಗೆ ಬೆಲ್ಟಿನಿಂದ ಬಾರಿಸಿದ.

ಗುದ್ದಣ್ಣ ಹೊಸ್ತಿಲು ದಾಟಿದ. ಆಗ ತಂಗಿ ತಲೆಯೆತ್ತಿ ಅವನನ್ನೇ ಗದರಿದಳು. “ಅಣ್ಣಾ, ಕೈ ಎತ್ತಬೇಡ. ನಾನು ತಡ್ಕೋತೀನಿ. ನೀನು ಹೋಗು.”

ಅವನು ಹೋದ. ಬೀದಿಯ ತಿರುವಿನ ತನಕ ಬೆಲ್ಟಿನ ಸದ್ದು ಕೇಳುತ್ತಿತ್ತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು ಅವನಿಗೆ.

ಪೊಲೀಸರ ಪತ್ರ ಬಂತು, ಹಿಂದೆಯೇ ವೀಸಾವೂ ಬಂತು. ಮೂವತ್ತೆಂಟನೆಯ ದಿನ ಮಧ್ಯಾಹ್ನ ಏಜೆಂಟ್ ಪಾಸ್‌ಪೋರ್ಟ್ ಕೈಗಿಟ್ಟು, ಇನ್ನು ಮೂರು ದಿನಕ್ಕೆ ವಿಮಾನ ಎಂದ. ಗುದ್ದಣ್ಣ ನೇರ ತಂಗಿಯ ಮನೆಗೆ ಓಡಿದ. ವೆಲ್ಡರ್ ಊಟಕ್ಕೆ ಕೂತಿದ್ದ. ತಂಗಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

“ವೀಸಾ ಬಂತು ಕಣೇ.”

ಅವಳು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದ. ಭುಜ ಮುಟ್ಟಿದ ಮೇಲೆ ಬೆಚ್ಚಿಬಿದ್ದು ತಿರುಗಿದಳು.

“ಈ ಕಡೆ ಬಂದು ಹೇಳಣ್ಣ. ಎಡಗಿವಿ ಕೇಳಿಸಲ್ಲ.”

“ಯಾವಾಗಿಂದ?”

ಗಂಡ ತಟ್ಟೆಯಿಂದ ತಲೆಯೆತ್ತದೆ, ಹತ್ತು ದಿನವಾಯಿತು, ಒಂದು ಏಟು ಹೆಚ್ಚುಕಡಿಮೆ ಆಯಿತು ಎಂದ.

ಆಮೇಲೆ ನಡೆದದ್ದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುದ್ದಣ್ಣ ಅವನನ್ನು ತಟ್ಟೆಯ ಮೇಲೆಯೇ ಕೆಡವಿ, ಬೆನ್ನಿನ ಮೇಲೆ ಮಂಡಿಯೂರಿ, ಬಲಗೈಯನ್ನು ಹಿಂದಕ್ಕೆ ತಿರುಚಿದ. ಕೀಲು ಎಲ್ಲಿ ಬಿಡುತ್ತದೆ ಅನ್ನುವುದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊಣಕೈ ಕಳಚಿತು, ಭುಜ ಕಳಚಿತು. ವೆಲ್ಡರ್ ಮೂರ್ಛೆ ಹೋದ ಮೇಲೂ ಇವನು ಎಡಗೈಗೆ ಕೈಹಾಕಿದ. ಬೇಡ, ಬಿಡು, ಬಿಡು ಅಂತ ತಂಗಿ ಅವನ ಕೂದಲು ಹಿಡಿದು ಜಗ್ಗಿದಳು, ಬೆನ್ನಿಗೆ ಕಚ್ಚಿದಳು. ಅವನಿಗೆ ಅದು ತಾಕಲೇ ಇಲ್ಲ. ಮೂವತ್ತೆಂಟು ದಿನದ ಸಿಟ್ಟಿಗೆ ಒಬ್ಬ ಮನುಷ್ಯನ ಎರಡು ಕೈ ಸಾಲದೆ ಹೋಯಿತು.

ಪೊಲೀಸರು ಬಂದಾಗ ಅವನು ಹೊಸ್ತಿಲ ಮೇಲೆ ಕೂತಿದ್ದ. ಹೆಡ್ ಕಾನ್‌ಸ್ಟೆಬಲ್ ಪಾಸ್‌ಪೋರ್ಟ್ ತಿರುವಿ ನೋಡಿ ಹಣೆ ಚಚ್ಚಿಕೊಂಡ. ಕೈಗೆ ಬಂದ ತುತ್ತನ್ನು ಒದ್ದುಬಿಟ್ಟೆಯಲ್ಲೋ ಎಂದು ಬೈದ. ಗುದ್ದಣ್ಣನಿಗೆ ಆಗ ಪಶ್ಚಾತ್ತಾಪವೇನೂ ಆಗಿರಲಿಲ್ಲ. ಎದೆ ಹಗುರಾಗಿತ್ತು. ತಂಗಿಗಾಗಿ ಮಾಡಿದೆ ಎಂದು ಅವಳ ಕಡೆ ನೋಡಿದ.

ಅವಳು ಬಂದು ಅವನ ಕೆನ್ನೆಗೆ ಹೊಡೆದಳು. ಒಂದಲ್ಲ, ನಾಲ್ಕೈದು.

“ನಾನು ಅಷ್ಟು ದಿನ ಏಟು ತಿಂದಿದ್ದು ಯಾತಕ್ಕೆ ಅಂದ್ಕೊಂಡೆ? ನೀನು ಹೋಗ್ತೀಯ, ನಾನು ಹೊರಗೆ ಬರ್ತೀನಿ ಅಂತ. ಕಿವಿ ಹೋದ ದಿನಾನೂ ನಿಂಗೆ ಹೇಳಿ ಕಳಿಸ್ಲಿಲ್ಲ, ನೀನು ಹೀಗೆ ಮಾಡ್ತೀಯ ಅಂತಾನೇ. ಇನ್ನು ಮೂರೇ ದಿನ ಇತ್ತು. ಈಗ ಎರಡು ಕೈಯೂ ಹೋದ ಇವನಿಗೆ ನಾನೇ ಅನ್ನ ಕಲಸಿ ತಿನ್ನಿಸ್ಬೇಕು.”

ಗುದ್ದಣ್ಣ ಏನೋ ಹೇಳಲು ಹೋದ. ಅವಳು ಮುಖ ತಿರುಗಿಸಿ ಎಡಗಿವಿಯನ್ನು ಅವನ ಕಡೆ ಮಾಡಿಕೊಂಡು ನಿಂತಳು.