ಅವ್ವ ಎಡಗಡೆ ಹೂ ಕೊಟ್ಟ ವರ್ಷ

ಚೌಡವ್ವನನ್ನು ನಂಬಿದ ನಿಮಗೆಲ್ಲ ಮೊಳಕಾಲ್ಮೂರಿನ ನೇಕಾರರ ಕೇರಿಯಿಂದ ಹಟಮಾರಿ ಮುದುಕಿಯಾದ ನಾನು ಕೈಮುಗಿದು ಬರೆಯುತ್ತಿದ್ದೇನೆ. ಕಳೆದ ವರ್ಷ ಆಷಾಢದಲ್ಲಿ ಚಳ್ಳಕೆರೆಯ ತಂಗಿ ಪಾರ್ವತಿಯ ಮನೆಗೆಂದು ಬಸ್ ಹತ್ತಿದ್ದೆ. ಕಂಡಕ್ಟರ್ ಬಂದು "ಎಲ್ಲಿಗೆ ಅಜ್ಜಿ?" ಎಂದ. ಬಾಯಿ ತೆರೆದೆ, ಊರಿನ ಹೆಸರು ಬರಲಿಲ್ಲ. ಕನ್ನಡ ಬಾರದವಳೇನೋ ಎಂದುಕೊಂಡು ಆತ "ಎಕ್ಕಡಿಕಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ನನಗೆ ಎರಡೂ ಭಾಷೆ ಬರುತ್ತವೆ. ಎರಡರಲ್ಲೂ ಚಳ್ಳಕೆರೆ ಸಿಗಲಿಲ್ಲ. ಕೊನೆಗೆ ಪಕ್ಕದ ಸೀಟಿನ ಹೆಂಗಸು ನನ್ನ ಫೋನಿನಿಂದ ತಂಗಿಗೆ ಮಾತಾಡಿ ಟಿಕೆಟ್ ಕೊಡಿಸಿದಳು. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಅದೊಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಸೊಸೆ ಲಲಿತಳನ್ನು ಎಂದೋ ತೀರಿಕೊಂಡ ನನ್ನ ಅತ್ತೆಯ ಹೆಸರಿನಿಂದ ಕರೆಯುತ್ತಿದ್ದೆ. ಅರಳುಮರಳು ಶುರುವಾಯಿತು ಎಂದು ಕೇರಿಯವರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ನನ್ನ ಬುದ್ಧಿಗೆ ಮಂಕು ಕವಿದಿತ್ತೇ ಹೊರತು ಕಿವಿಗಲ್ಲ. ಬಿಪಿ ಇದ್ದದ್ದು ನಿಜ. ಆದರೆ ಚಳ್ಳಕೆರೆಯ ಆಸ್ಪತ್ರೆಗೆ ತೋರಿಸಲು ಹೋದಾಗಲೆಲ್ಲ "ಬಿಪಿ ಚೆನ್ನಾಗಿದೆ" ಎಂದೇ ಕಳಿಸುತ್ತಿದ್ದರು. ಹಾಗಾಗಿ ಇದು ವಯಸ್ಸಿನದೇ ಎಂದು ಮನೆಯವರೆಲ್ಲ ತೀರ್ಮಾನ ಮಾಡಿದರು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ನವರಾತ್ರಿಗೆ ಗುಡಿಯಲ್ಲಿ ಚೌಡವ್ವನಿಗೆ ಉಡಿಸುವ ರೇಷ್ಮೆ ಸೀರೆಯನ್ನು ಮನೆಯ ಹಿರಿ ಹೆಂಗಸೇ ನೇಯಬೇಕು. ಶ್ರಾವಣದಲ್ಲಿ ಮಗ್ಗಕ್ಕೆ ಹಾಸು ನೂಲು ಏರಿಸಿದರೆ ಸೀರೆ ಇಳಿಯುವವರೆಗೆ ಒಪ್ಪತ್ತು. ಬೆಳಗ್ಗೆ ತಿಂಡಿಯಿಲ್ಲ, ಕಾಫಿಯಿಲ್ಲ, ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ಊರು ಬಿಟ್ಟು ಹೋಗುವ ಹಾಗೂ ಇಲ್ಲ. ಅತ್ತೆಯ ನಂತರ ಅದು ನನಗೆ ಬಂದ ಭಾಗ್ಯ. ಕಳೆದ ಶ್ರಾವಣದಲ್ಲೂ ಗುಂಡಿಮಗ್ಗಕ್ಕೆ ಇಳಿದೆ. ಕಣ್ಣು ಮುಚ್ಚಿಕೊಂಡು ನೇಯುತ್ತಿದ್ದ ನವಿಲಿನ ಬುಟ್ಟಾ ಅದು. ಒಂದು ಸಾಲು ಮುಗಿಸಿ, ಜಾಗ ಬಿಡುವುದನ್ನೇ ಮರೆತು, ಅದಕ್ಕೆ ತಾಗಿಸಿ ಇನ್ನೊಂದು ಸಾಲು ನೇಯ್ದಿದ್ದೆ. ಬಿಚ್ಚಿದೆ. ಮರುದಿನವೂ ಅದೇ ತಪ್ಪು.

ಲಲಿತ ಬಂದು ಪಕ್ಕದಲ್ಲಿ ಕೂತಳು. "ಅತ್ತೆ, ಈ ವರ್ಷ ನಾನು ನೇಯ್ಲಾ? ನೀವು ಸುಮ್ನೆ ಕೂತು ನೋಡ್ರಿ" ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಳು. ನನಗೆ ಮಾತ್ರ ಜೀವವೇ ಹೋದ ಹಾಗಾಯಿತು.

"ನಿನ್ನನ್ನಲ್ಲ, ಅವ್ವನ್ನೇ ಕೇಳ್ತೀನಿ" ಎಂದು ಎದ್ದು ಗುಡಿಗೆ ಹೋದೆ. ಪೂಜಾರಿ ಅವ್ವನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಬಲಗಡೆಯ ಹೂ ಬಿದ್ದರೆ ನಾನೇ ನೇಯುವುದು, ಎಡಗಡೆಯದು ಬಿದ್ದರೆ ಮಗ್ಗ ಬಿಡುವುದು. "ಕಣ್ಣು ಬೇಕಾದ್ರೆ ತಗೋ, ಕಾಲು ತಗೋ. ಬುದ್ಧಿ ಒಂದು ಬಿಡು ನಂಗೆ. ಅದಿಲ್ದಿದ್ರೆ ನಿನ್ ಹೆಸರು ಹೆಂಗೆ ಕರೀಲಿ?" ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ.

ಬಿದ್ದದ್ದು ಎಡಗಡೆಯ ಹೂ.

"ಸದ್ಯಕ್ಕೆ ಬ್ಯಾಡ ಅಂತಾಳಮ್ಮ" ಎಂದ ಪೂಜಾರಿ, ನನ್ನ ಮುಖ ನೋಡಲಾರದೆ. ಅಷ್ಟು ವರ್ಷ ಉಡಿಸಿದ್ದಕ್ಕೆ ಇದೇನಾ ನೀನು ಕೊಡುವುದು ಎಂದು ಅವ್ವನ ಮೇಲೆ ಕೆಟ್ಟ ಕೋಪ ಬಂತು. ಪ್ರಸಾದವನ್ನೂ ತೆಗೆದುಕೊಳ್ಳದೆ ಮನೆಗೆ ಬಂದೆ. ಮಗ್ಗ ಬಿಟ್ಟೆ, ಆದರೆ ಒಪ್ಪತ್ತು ಮಾತ್ರ ಬಿಡಲಿಲ್ಲ. ಅದು ಭಕ್ತಿಯೋ ಹಟವೋ, ಅವ್ವನಿಗೇ ಗೊತ್ತು.

ಸುದ್ದಿ ತಿಳಿದು ಪಾರ್ವತಿ ಬಂದಳು. "ಮಗ್ಗ ಇಲ್ಲ ಅಂದ್ಮೇಲೆ ಊರಲ್ಲಿ ನಿಂಗೇನು ಕೆಲ್ಸ ಐತೆ ಅಕ್ಕ? ನಡಿ ಆಸ್ಪತ್ರೆಗೆ" ಎಂದು ಎಳೆದುಕೊಂಡೇ ಹೋದಳು. ಶ್ರಾವಣದಲ್ಲಿ ನಾನು ಊರು ಬಿಟ್ಟದ್ದು ಅದೇ ಮೊದಲು.

ಚಳ್ಳಕೆರೆಯಲ್ಲಿ ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಹುಬ್ಬು ಗಂಟಿಕ್ಕಿ ಇನ್ನೊಂದು ತೋಳಿಗೂ ಕಟ್ಟಿದರು.

"ಇಷ್ಟು ಏರಿದೆಯಲ್ಲಮ್ಮ! ಮಾತ್ರೆ ಬಿಟ್ಟಿದ್ದೀರಾ?"

ನನಗೆ ರೇಗಿತು. "ಬಿಡೋದೆಂಗೆ? ನಿಮ್ ಮಾತು ಒಂದೂ ಮೀರಿಲ್ಲ ನಾನು. ತಿಂಡಿ ಆದ್ಮೇಲೆ ತಗೋ ಅಂದ್ರಿ. ತಿಂಡಿ ತಿಂದ ದಿನ ತಪ್ಪದೆ ತಗೊಂಡೀನಿ."

"ತಿನ್ನದ ದಿನ?"

"ತಿಂಡೀನೇ ಇಲ್ದಿದ್ರೆ ಮಾತ್ರೆ ಹೆಂಗೆ ತಗೊಳ್ಲಿ?"

ಪಾರ್ವತಿ ಹಣೆ ಚಚ್ಚಿಕೊಂಡಳು. ಸೋಮವಾರ, ಮಂಗಳವಾರ, ಶುಕ್ರವಾರ, ಶ್ರಾವಣವಿಡೀ, ಅವ್ವನ ಸೀರೆ ಮುಗಿಯುವವರೆಗೆ, ಹೀಗೆ ನನ್ನ ಉಪವಾಸಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಬಿಪಿ ತೋರಿಸಲು ನಾನು ಬರುತ್ತಿದ್ದದ್ದು ಬೇರೆ ತಿಂಗಳುಗಳಲ್ಲಿ, ಹೊಟ್ಟೆ ತುಂಬ ತಿಂದು ಮಾತ್ರೆ ನುಂಗಿದ ದಿನಗಳಲ್ಲಿ. ಆಗ ಚೆನ್ನಾಗಿರದೆ ಇನ್ನೇನು?

ತಲೆಯ ಸ್ಕ್ಯಾನ್ ಮಾಡಿಸಿ ನೋಡಿ ಡಾಕ್ಟರಮ್ಮ ಬಿಡಿಸಿ ಹೇಳಿದರು. ಬಿಪಿ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಮೆದುಳಿನ ಸಣ್ಣ ರಕ್ತನಾಳಗಳು ಕೆಡುತ್ತವಂತೆ, ಮರೆವು ಅದರಿಂದಲೂ ಬರುತ್ತದಂತೆ. "ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ಮಾತು ಕೊಡಲಾರೆ. ಇನ್ನಷ್ಟು ಕೆಡದ ಹಾಗೆ ನೋಡ್ಕೋಬಹುದು. ಆದರೆ ದಿನಾ ನುಂಗಬೇಕು. ನಿಮ್ಮ ಈ ಮಾತ್ರೆಗೆ ತಿಂಡಿನೇ ಬೇಕಿಲ್ಲ, ಒಂದು ಗುಟುಕು ನೀರು ಸಾಕು" ಎಂದರು.

ಮರಳುವ ಬಸ್ಸಿನಲ್ಲಿ ನನಗೆ ಹೊಳೆಯಿತು. ಅವ್ವ ಬಲಗಡೆ ಹೂ ಕೊಟ್ಟಿದ್ದರೆ ಆ ದಿನ ನಾನು ಖಾಲಿ ಹೊಟ್ಟೆಯಲ್ಲಿ ಮಗ್ಗದ ಗುಂಡಿಯಲ್ಲಿರುತ್ತಿದ್ದೆ. ನನ್ನ ಬಿಪಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾನು ಕೇಳಿದ್ದು ಬುದ್ಧಿ, ಅವಳು ಅದನ್ನೇ ಕೊಟ್ಟಿದ್ದಳು. ಬಸ್ಸಿಳಿದವಳು ನೇರ ಗುಡಿಗೆ ಹೋಗಿ ಬಾಗಿಲಲ್ಲೇ ಅಡ್ಡಬಿದ್ದೆ. ಮಾತ್ರೆ ನುಂಗಿದರೆ ಒಪ್ಪತ್ತು ಕೆಡುತ್ತದೆಯೇ ಎಂದು ಪೂಜಾರಿಯನ್ನು ಕೇಳಿದೆ. "ತೀರ್ಥ ಕುಡಿದ್ರೆ ಕೆಡ್ತೈತಾ? ಅದ್ರ ಜೊತೇಲೇ ನುಂಗು" ಎಂದ.

ಕಳೆದ ವರ್ಷದ ಸೀರೆಯನ್ನು ಲಲಿತ ಮುಗಿಸಿದಳು. ನಾನು ಪಕ್ಕದಲ್ಲಿ ಕೂತು ಸಣ್ಣಪುಟ್ಟದ್ದಕ್ಕೂ ಕೊಂಕು ತೆಗೆದೆ, ಅವಳು ಸಹಿಸಿಕೊಂಡಳು. ಬಿಪಿಗೆ ಉಪ್ಪು ಆಗದೆಂದು ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೇರಿಸಿ ಸೇಡು ತೀರಿಸಿಕೊಂಡಳು. ಬೆಳಗ್ಗೆ ನಡಿಗೆ, ತೀರ್ಥದ ಜೊತೆ ಮಾತ್ರೆ, ಒಂದು ದಿನವೂ ತಪ್ಪಿಸಿಲ್ಲ. ಮಂಕು ನಿಧಾನವಾಗಿ ತಿಳಿಯಾಯಿತು. ಈಗಲೂ ಕೆಲವು ಹೆಸರು ಕೈಕೊಡುತ್ತವೆ, ಸುಳ್ಳು ಹೇಳುವುದಿಲ್ಲ. ಆದರೆ ಈ ವರ್ಷ ಅವ್ವ ಉಟ್ಟದ್ದು ನಾನು ನೇಯ್ದ ಸೀರೆ. ನಿಮ್ಮಲ್ಲಿ ವ್ರತ ಹಿಡಿದವರಿದ್ದರೆ, ಉಪವಾಸದ ದಿನ ಮಾತ್ರೆ ಹೇಗೆ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಅವ್ವ ಬೇಡವೆನ್ನುವುದಿಲ್ಲ.

ಹಬ್ಬ ಮುಗಿದ ಮೇಲೆ ತಂಗಿಯ ಮನೆಗೆ ಒಬ್ಬಳೇ ಹೊರಟೆ. ಕಂಡಕ್ಟರ್ ಬಂದು "ಎಲ್ಲಿಗೆ ಅಜ್ಜಿ?" ಎಂದ.

"ಚಳ್ಳಕೆರೆಗಪ್ಪಾ!" ಎಂದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಟಿಕೆಟ್ಟನ್ನು ಕಣ್ಣಿಗೊತ್ತಿಕೊಂಡು, ಯಾರಿಗೂ ಕೇಳದ ಹಾಗೆ, ಅವ್ವನ ಹೆಸರನ್ನೂ ಕರೆದೆ.